ಜೂನಿಯರ್ ಕಾಲೇಜಿನಿಂದ ಎಂಜಿನಿಯರಿಂಗ್ ಪದವಿಗೆ: ಒಂದು ದಾರಿಯ ಚರಿತ್ರೆ

ಜೂನಿಯರ್ ಕಾಲೇಜು ಎಂದೊಡನೆ ನಮ್ಮ ನಾಡಿನ ಹಿರಿಯರ ನೆನಪಿಗೆ ಬರುವುದು ಪಿ.ಯು.ಸಿ. ತರಗತಿಗಳು. ಹೈಸ್ಕೂಲಿನ ಆವರಣದಲ್ಲೇ ನಾಲ್ಕು ಕೊಠಡಿಗಳನ್ನು ಸೇರಿಸಿ ‘ಸರ್ಕಾರಿ ಜೂನಿಯರ್ ಕಾಲೇಜು’ ಎಂಬ ಫಲಕ ಹಾಕಿದ ಊರುಗಳು ಕರ್ನಾಟಕದಲ್ಲಿ ಅನೇಕ. ಈ ಹೆಸರು ಹುಟ್ಟಿದ್ದು ಮಾತ್ರ ದೂರದ ಅಮೆರಿಕದ ಷಿಕಾಗೊ ನಗರದಲ್ಲಿ. ಅಲ್ಲಿ ಅದರ ಅರ್ಥವೂ ಬೇರೆ. ಹನ್ನೆರಡನೆಯ ತರಗತಿ ಮುಗಿಸಿದವರು ನಾಲ್ಕು ವರ್ಷದ ಪದವಿಯ ಮೊದಲೆರಡು ವರ್ಷಗಳನ್ನು ಮನೆಗೆ ಹತ್ತಿರದ, ಕಡಿಮೆ ಶುಲ್ಕದ ಕಾಲೇಜಿನಲ್ಲಿ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವುದು ಅಲ್ಲಿನ ಪದ್ಧತಿ. ಅಮೆರಿಕದಲ್ಲಿ ನೆಲೆಸಿದ ಮಗನೋ ಮಗಳೋ ತನ್ನ ಮಕ್ಕಳನ್ನು ಎಂಜಿನಿಯರಿಂಗ್ ಓದಿಗೆ ಈ ದಾರಿಯಲ್ಲಿ ಕಳಿಸುವ ಮಾತೆತ್ತಿದರೆ, ಇಲ್ಲಿರುವ ಅಜ್ಜ ಅಜ್ಜಿಯರ ಮುಖ ಸಪ್ಪಗಾಗುತ್ತದೆ. ಎರಡೇ ವರ್ಷದ ಕಾಲೇಜೆಂದರೆ ಮಗು ಏನೋ ಕಳೆದುಕೊಂಡಿತೆಂಬ ಭಾವ. ಆ ಭಾವ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಚರಿತ್ರೆಯೇ ಹೇಳಬೇಕು.

ಈ ಪದ್ಧತಿಯ ಹಿಂದಿದ್ದವರು ವಿಲಿಯಂ ರೇನಿ ಹಾರ್ಪರ್. ಅವರು ಎಂಜಿನಿಯರರಲ್ಲ, ವಿಜ್ಞಾನಿಯೂ ಅಲ್ಲ. ಹಿಬ್ರೂ ಭಾಷೆಯ ಪಂಡಿತರು. ಹದಿನೆಂಟನೆಯ ವಯಸ್ಸಿಗೇ ಯೇಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ಹಿಬ್ರೂ ಕಲಿಕೆಗೆ ಪಠ್ಯಪುಸ್ತಕಗಳನ್ನು ಬರೆದವರು. (ಗುರುಮಠದಲ್ಲಿ ಹಿಬ್ರೂ ಕ್ರಿಯಾಪದಗಳೊಡನೆ ಗುದ್ದಾಡಿದವರಿಗೆ ಇದರ ಬೆಲೆ ತಿಳಿದೀತು.) 1892ರಲ್ಲಿ ಬಾಗಿಲು ತೆರೆದ ಷಿಕಾಗೊ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷರಾದ ಹಾರ್ಪರ್, ನಾಲ್ಕು ವರ್ಷದ ವ್ಯಾಸಂಗವನ್ನು ಎರಡು ಭಾಗ ಮಾಡಿದರು. 1896ರ ವೇಳೆಗೆ ಮೊದಲ ಭಾಗಕ್ಕೆ ‘ಜೂನಿಯರ್ ಕಾಲೇಜು’ ಎಂದೂ ಎರಡನೆಯದಕ್ಕೆ ‘ಸೀನಿಯರ್ ಕಾಲೇಜು’ ಎಂದೂ ಹೆಸರು ಬಂದಿತು. ಇದು ಬಡ ವಿದ್ಯಾರ್ಥಿಗಳ ಮೇಲಿನ ಕರುಣೆಯಿಂದ ಮಾತ್ರ ಆದುದಲ್ಲ. ಎಳೆಯರಿಗೆ ಪ್ರಾಥಮಿಕ ಪಾಠ ಹೇಳುವ ಭಾರ ಬೇರೆಯವರ ಮೇಲಿರಲಿ, ವಿಶ್ವವಿದ್ಯಾನಿಲಯ ಉನ್ನತ ಸಂಶೋಧನೆಗೆ ಮೀಸಲಾಗಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಹೀಗೆ ಹುಟ್ಟಿದ ಏರ್ಪಾಡು ಸಾಮಾನ್ಯರ ಮಕ್ಕಳಿಗೆ ನೆರವಾದದ್ದು ಚರಿತ್ರೆಯ ಒಂದು ವಿನೋದ.

ಷಿಕಾಗೊದಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿರುವ ಜೋಲಿಯೆಟ್ ಆಗ ಉಕ್ಕಿನ ಕಾರ್ಖಾನೆಗಳ, ಸುಣ್ಣಕಲ್ಲಿನ ಗಣಿಗಳ ಊರು. ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನ್ ಅವರು ಹಾರ್ಪರರ ಪ್ರೋತ್ಸಾಹದಿಂದ 1901ರಲ್ಲಿ ತಮ್ಮ ಶಾಲೆಯಲ್ಲೇ ಕಾಲೇಜುಮಟ್ಟದ ಪಾಠಗಳನ್ನು ಆರಂಭಿಸಿದರು. ಮೊದಲ ವರ್ಷ ಇದ್ದವರು ಆರೇ ವಿದ್ಯಾರ್ಥಿಗಳು. ಊರು ಬಿಟ್ಟು ಹೋಗಿ ಹಾಸ್ಟೆಲಿನಲ್ಲಿದ್ದು ಓದುವ ಶಕ್ತಿಯಿಲ್ಲದ ಮನೆಗಳ ಮಕ್ಕಳು ಅಪ್ಪ ಅಮ್ಮಂದಿರ ಜತೆಗಿದ್ದೇ ಓದು ಮುಂದುವರಿಸಲು ಇದರಿಂದ ಸಾಧ್ಯವಾಯಿತು. ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಜೂನಿಯರ್ ಕಾಲೇಜುಗಳಲ್ಲಿ ಜೋಲಿಯೆಟ್‌ನದೇ ಅತ್ಯಂತ ಹಳೆಯದು. ಸ್ವತಃ ಹಾರ್ಪರರ ವಿಶ್ವವಿದ್ಯಾನಿಲಯದಲ್ಲಿ 2011ರವರೆಗೆ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲವೆಂಬುದು ಬೇರೆ ಮಾತು!

ಎರಡನೆಯ ಮಹಾಯುದ್ಧ ಈ ಸಣ್ಣ ಕಾಲೇಜುಗಳ ಹಣೆಬರಹವನ್ನು ಬದಲಿಸಿತು. ಯುದ್ಧದಿಂದ ಮರಳುವ ಸೈನಿಕರ ವಿದ್ಯಾಭ್ಯಾಸದ ವೆಚ್ಚವನ್ನು ಸರ್ಕಾರವೇ ವಹಿಸುವ ಕಾನೂನು 1944ರಲ್ಲಿ ಬಂದಿತು. ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜುಗಳಿಗೆ ಹರಿದುಬಂದರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು ಇಂತಹ ಸಂಸ್ಥೆಗಳು ಎಲ್ಲೆಡೆ ತಲೆಯೆತ್ತಬೇಕೆಂದು ಶಿಫಾರಸು ಮಾಡಿತು. ‘ಸಮುದಾಯ ಕಾಲೇಜು’ ಎಂಬ ಹೆಸರು ಜನಜನಿತವಾದದ್ದು ಆ ವರದಿಯಿಂದಲೇ. 1960ರ ಕ್ಯಾಲಿಫೋರ್ನಿಯಾ ಯೋಜನೆ ಇನ್ನೂ ಮುಂದೆ ಹೋಯಿತು. ಹೈಸ್ಕೂಲಿನಲ್ಲಿ ಮೇಲಿನ ಶೇಕಡ 12.5ರಷ್ಟು ಮಂದಿಗೆ ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನೂ, ಮೇಲಿನ ಮೂರನೆಯ ಒಂದು ಪಾಲಿಗೆ ರಾಜ್ಯ ಕಾಲೇಜುಗಳನ್ನೂ ಗೊತ್ತುಮಾಡಿ, ಉಳಿದ ಯಾರೇ ಬಂದರೂ ಎರಡು ವರ್ಷದ ಕಾಲೇಜು ಸೇರಿಸಿಕೊಳ್ಳಬೇಕೆಂದಿತು. ಅಲ್ಲಿಂದ ವರ್ಗವಾಗಿ ಬರುವವರಿಗಾಗಿ ವಿಶ್ವವಿದ್ಯಾನಿಲಯಗಳು ಮೂರನೆಯ ವರ್ಷದಲ್ಲಿ ಸ್ಥಳ ಕಾದಿರಿಸಬೇಕೆಂಬುದೂ ಯೋಜನೆಯ ಅಂಗವಾಗಿತ್ತು. 1984ರವರೆಗೆ ಆ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ.

ಇದೇ ಕಾಲದಲ್ಲಿ ಎಂಜಿನಿಯರಿಂಗ್ ಶಿಕ್ಷಣವೂ ಮಗ್ಗುಲು ಬದಲಿಸಿತು. ಹಿಂದೆ ನಕ್ಷೆ ಬರೆಯುವುದಕ್ಕೂ ಕಾರ್ಯಾಗಾರದ ಕೆಲಸಕ್ಕೂ ದೊಡ್ಡ ಸ್ಥಾನವಿತ್ತು. 1955ರಲ್ಲಿ ಗ್ರಿಂಟರ್ ಎಂಬುವರ ನೇತೃತ್ವದ ಸಮಿತಿಯು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಎಂಜಿನಿಯರಿಂಗ್‌ನ ಮೂಲವಿಜ್ಞಾನಗಳೇ ತಳಪಾಯವಾಗಬೇಕೆಂದಿತು. ಇದರಿಂದ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಯಾವುದೇ ಶಾಖೆಯಿರಲಿ, ಮೊದಲೆರಡು ವರ್ಷಗಳ ಪಾಠ ಬಹುಮಟ್ಟಿಗೆ ಒಂದೇ ಆಯಿತು. ಒಂದು ಕಡೆ ಆರಂಭಿಸಿ ಮತ್ತೊಂದು ಕಡೆ ಮುಗಿಸಲು ಇದಕ್ಕಿಂತ ಅನುಕೂಲ ಬೇರೇನು ಬೇಕು? ನ್ಯೂಯಾರ್ಕ್ ರಾಜ್ಯದ ರಾಬರ್ಟ್ ಗಿಬ್ಸನ್ 1966ರಲ್ಲಿ ಸಫೋಕ್ ಕೌಂಟಿ ಸಮುದಾಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ವಿಜ್ಞಾನದ ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆದು, ಕ್ಯಾಲಿಫೋರ್ನಿಯಾಕ್ಕೆ ಹೋಗಿ 1969ರಲ್ಲಿ ವಿಮಾನಯಾನ ಎಂಜಿನಿಯರಿಂಗ್ ಪದವೀಧರರಾದರು. 1995ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರಷ್ಯಾದ ಮೀರ್ ನಿಲ್ದಾಣಕ್ಕೆ ಮೊತ್ತಮೊದಲು ಜೋಡಣೆಯಾದಾಗ ಅದರ ದಳಪತಿ ಇದೇ ಗಿಬ್ಸನ್.

ಆದರೆ ಬಾಗಿಲು ತೆರೆದಿರುವುದೇ ಬೇರೆ, ಒಳಗೆ ಹೋದವರು ಆಚೆಯ ದಡ ಮುಟ್ಟುವುದೇ ಬೇರೆ. 1960ರಲ್ಲೇ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಅವರು ಸ್ಯಾನ್ ಹೋಸೆ ನಗರದ ಕಾಲೇಜೊಂದನ್ನು ಅಧ್ಯಯನ ಮಾಡಿ ಕಹಿಸತ್ಯವೊಂದನ್ನು ಬರೆದರು. ದೊಡ್ಡ ಆಸೆ ಹೊತ್ತು ಬಂದವರ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗಾಗಿಸಿ, ಸಣ್ಣ ಕೋರ್ಸುಗಳ ಕಡೆಗೆ ತಿರುಗಿಸುವ ಕೆಲಸವನ್ನೂ ಈ ಕಾಲೇಜುಗಳು ಮಾಡುತ್ತವೆ ಎಂಬುದೇ ಆ ಮಾತು. 2024ರ ರಾಷ್ಟ್ರೀಯ ವರದಿಯೊಂದರ ಪ್ರಕಾರ ಸಮುದಾಯ ಕಾಲೇಜು ಸೇರಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ನಾಲ್ಕು ವರ್ಷದ ಕಾಲೇಜಿಗೆ ವರ್ಗವಾಗುತ್ತಾರೆ. ಆರು ವರ್ಷಗಳೊಳಗೆ ಪದವಿ ಪಡೆಯುವವರು ಅವರಲ್ಲಿ ಅರ್ಧದಷ್ಟು. ಇದು ಎಲ್ಲ ವಿಷಯಗಳಿಗೂ ಸೇರಿದ ಲೆಕ್ಕ. ಇದನ್ನು ವಿದ್ಯಾರ್ಥಿಗಳ ಸೋಮಾರಿತನಕ್ಕೆ ಕಟ್ಟಿಬಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎಂಜಿನಿಯರಿಂಗ್ ವಿದ್ಯಾರ್ಥಿಯ ತೊಡಕನ್ನು ತುಸು ಬಿಡಿಸಿ ನೋಡೋಣ. ಅವನ ಪಾಠಗಳು ಸರಪಣಿಯ ಕೊಂಡಿಗಳಂತೆ. ಕಲನಶಾಸ್ತ್ರದ ಮೊದಲ ಭಾಗವಿಲ್ಲದೆ ಎರಡನೆಯದಿಲ್ಲ. ಅದಿಲ್ಲದೆ ಮೂರನೆಯದೂ ಅವಕಲ ಸಮೀಕರಣಗಳೂ ಇಲ್ಲ. ಕಲನಶಾಸ್ತ್ರವನ್ನಾಧರಿಸಿದ ಭೌತಶಾಸ್ತ್ರ ಕಲಿಯದೆ ಸ್ಟ್ಯಾಟಿಕ್ಸ್, ಡೈನಮಿಕ್ಸ್, ವಿದ್ಯುನ್ಮಂಡಲಗಳ ಪಾಠಕ್ಕೆ ಪ್ರವೇಶವಿಲ್ಲ. ಬರಿಯ ಬೀಜಗಣಿತದ ಮೇಲೆ ನಿಂತ ಭೌತಶಾಸ್ತ್ರವನ್ನು ತೆಗೆದುಕೊಂಡವನು ಎರಡು ವರ್ಷ ಶ್ರದ್ಧೆಯಿಂದ ಓದಿದರೂ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು. ಗಣಿತದಲ್ಲಿ ಹಿಂದುಳಿದು ಬಂದವನಿಗಂತೂ ಸರಪಣಿಯ ಮೊದಲ ಕೊಂಡಿ ತಲಪುವುದಕ್ಕೇ ಒಂದು ವರ್ಷ ಹಿಡಿದೀತು. ಎರಡು ವರ್ಷದ್ದು ಮೂರಾಗುವುದು ಹೀಗೆ. 2004ರಿಂದ 2009ರವರೆಗೆ ಕಾಲೇಜು ಬದಲಿಸಿದವರು ಸರಾಸರಿ ಶೇಕಡ 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡರೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜು ಮಾಡಿತು. ಉಳಿತಾಯವೆಂದುಕೊಂಡದ್ದು ಹೀಗೆ ಸೋರಿಹೋಗುತ್ತದೆ.

ಸರಪಣಿ ಗಟ್ಟಿಯಾಗಿದ್ದಲ್ಲಿ ಏನಾಗುತ್ತದೆಂಬುದಕ್ಕೆ ಆಡಂ ಸ್ಟೆಲ್ಟ್ಸ್‌ನರ್ ಸಾಕ್ಷಿ. ಶಾಲೆಯಲ್ಲಿ ಓದಿನ ಕಡೆ ಗಮನವಿಲ್ಲದೆ ರಾಕ್ ಸಂಗೀತದ ಹಿಂದೆ ಬಿದ್ದಿದ್ದ ಈ ಯುವಕ, ರಾತ್ರಿ ಮನೆಗೆ ಮರಳುವಾಗ ಮಹಾವ್ಯಾಧ ನಕ್ಷತ್ರಪುಂಜವು ಆಕಾಶದಲ್ಲಿ ಜಾಗ ಬದಲಿಸಿದ್ದನ್ನು ಕಂಡು, ಅದೇಕೆಂದು ತಿಳಿಯುವ ಕುತೂಹಲದಿಂದ ಮರಿನ್ ಎಂಬಲ್ಲಿನ ಸಮುದಾಯ ಕಾಲೇಜಿಗೆ ಹೋದ. ಅಲ್ಲಿ ಭೌತಶಾಸ್ತ್ರ ಅವನನ್ನು ಹಿಡಿಯಿತು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ 1990ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, 1999ರಲ್ಲಿ ಡಾಕ್ಟರೇಟ್. 2012ರ ಆಗಸ್ಟ್‌ನಲ್ಲಿ ಸುಮಾರು 900 ಕಿಲೋ ತೂಕದ ಕ್ಯೂರಿಯಾಸಿಟಿ ವಾಹನವನ್ನು ಮಂಗಳ ಗ್ರಹದ ಮೇಲೆ ಹಗ್ಗಗಳಿಂದ ಮೆಲ್ಲನೆ ಇಳಿಸಿದ ತಂಡದ ನಾಯಕ ಆತನೇ.

ರಾಜ್ಯಗಳು ಮನಸ್ಸು ಮಾಡಿದರೆ ಈ ಸರಪಣಿಯನ್ನು ಭದ್ರಪಡಿಸುವುದು ಅಸಾಧ್ಯವಲ್ಲ. ಫ್ಲಾರಿಡಾ ರಾಜ್ಯ 1971ರಲ್ಲೇ ಎರಡು ವರ್ಷದ ಕಾಲೇಜುಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಒಪ್ಪಂದ ಮಾಡಿಸಿ, ಮುಂದೆ ಎಲ್ಲೆಡೆ ಒಂದೇ ಪಾಠಕ್ಕೆ ಒಂದೇ ಸಂಖ್ಯೆಯನ್ನು ಕೊಟ್ಟಿತು. ಬಾಗಿಲು ತೆರೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಕ್ಯಾಲಿಫೋರ್ನಿಯಾ ತನ್ನ ಸಮುದಾಯ ಕಾಲೇಜುಗಳಿಗೆ ಅಂಥದೇ ಕಾನೂನು ಮಾಡಿದ್ದು 2021ರಲ್ಲಿ!

ನಮ್ಮಲ್ಲಿ ಪಾಲಿಟೆಕ್ನಿಕ್‌ನ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಮಕ್ಕಳ ಕಷ್ಟವೂ ಇದಕ್ಕೆ ಹತ್ತಿರದ್ದೇ. ಕೈಕೆಲಸದಲ್ಲಿ ಅವರು ಪಳಗಿದವರು, ಎಡವುವುದು ಗಣಿತದಲ್ಲಿ. ಅದಕ್ಕೆಂದೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಅವರಿಗೆ ಹೆಚ್ಚುವರಿ ಗಣಿತದ ಪಾಠಗಳನ್ನು ಗೊತ್ತುಪಡಿಸಿತು. ಅಮೆರಿಕದ ಮೊಮ್ಮಗ ಎರಡು ವರ್ಷದ ಕಾಲೇಜಿಗೆ ಸೇರಿದನೆಂದು ಕೇಳಿದ ಅಜ್ಜ ಫೋನಿನಲ್ಲಿ ಕೇಳಬೇಕಾದದ್ದೂ ಗಣಿತವನ್ನೇ: ಮೊದಲ ಸೆಮಿಸ್ಟರಿನಲ್ಲಿ ಯಾವ ಗಣಿತ, ಯಾವ ಭೌತಶಾಸ್ತ್ರ, ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾನಿಲಯ ಅದನ್ನು ಒಪ್ಪುವುದೆಂದು ಬರಹದಲ್ಲಿ ಕೊಟ್ಟಿದೆಯೆ?