ಅನುಮಾನ ಎಂಬ ಅಳತೆ

‘ಅನುಮಾನಾಸ್ಪದ ಸಾವು’ ಎಂಬ ಸುದ್ದಿಯಿಲ್ಲದ ಕನ್ನಡ ಪತ್ರಿಕೆ ಅಪರೂಪ. ‘ಯಾಕೋ ಅವನ ಮೇಲೆ ಅನುಮಾನ’, ‘ಈ ಸಲ ಮಳೆ ಬರೋದೇ ಅನುಮಾನ’, ‘ಕೇಳಲು ಅನುಮಾನಿಸಿದಳು’ ಎನ್ನುವಾಗೆಲ್ಲ ನಮ್ಮ ಮನಸ್ಸಿನಲ್ಲಿರುವುದು ಶಂಕೆ, ಇಲ್ಲವೇ ಹಿಂಜರಿಕೆ. ತೆಲುಗಿನಲ್ಲೂ ಹೀಗೆಯೇ. ಹಿಂದಿಯಲ್ಲಿ ಮಾತ್ರ ಇದೇ ಪದಕ್ಕೆ ಅಂದಾಜು ಎಂಬರ್ಥ. ನಾವು ಹವಾಮಾನ ಮುನ್ಸೂಚನೆ ಎನ್ನುವುದನ್ನು ಅವರು ‘ಪೂರ್ವಾನುಮಾನ’ ಎನ್ನುತ್ತಾರೆ. ಇನ್ನೂ ಹಿಂದಕ್ಕೆ, ಸಂಸ್ಕೃತದ ತರ್ಕಶಾಸ್ತ್ರಕ್ಕೆ ಹೋದರೆ ಅರ್ಥವೇ ತಿರುಗಿ ನಿಲ್ಲುತ್ತದೆ. ಅಲ್ಲಿ ಅನುಮಾನ ಎಂದರೆ ಸಂದೇಹವನ್ನು ಕಳೆಯುವ ಸಾಧನ, ಪ್ರತ್ಯಕ್ಷದ ನಂತರದ ಪ್ರಮಾಣ, ಅಂದರೆ ತಿಳಿವಿನ ದಾರಿ.

ಪದದ ಧಾತು ‘ಮಾ’, ಅಂದರೆ ಅಳೆಯುವುದು. ಮಾಪನ, ಪರಿಮಾಣ, ಮಾತ್ರೆ ಎಲ್ಲ ಅದರ ಸಂತಾನವೇ. ‘ಅನು’ ಎಂದರೆ ಅನುಸರಿಸಿ, ಬೆನ್ನು ಹಿಡಿದು. ಕಂಡದ್ದರ ಬೆನ್ನು ಹಿಡಿದು ಕಾಣದ್ದನ್ನು ಅಳೆಯುವುದು ಅನುಮಾನ. ಇದೇ ಧಾತುವಿನ ‘ಪ್ರಮಾಣ’ ಕನ್ನಡದಲ್ಲಿ ಆಣೆಯೂ ಆಯಿತು: ದೇವರ ಮುಂದೆ ಪ್ರಮಾಣ ಮಾಡುತ್ತೇವೆ, ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುತ್ತಾರೆ. ಅಳತೆಯ ಒಂದೇ ಧಾತುವಿನಿಂದ ನಮಗೆ ನಂಬಿಕೆಯ ಪದವೂ ಸಿಕ್ಕಿತು, ಶಂಕೆಯ ಪದವೂ ಸಿಕ್ಕಿತು.

ಅರ್ಥ ಹೀಗೆ ಹೊರಳಿದ್ದು ಬರೀ ಬಳಕೆಯ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ತರ್ಕಶಾಸ್ತ್ರದ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದ ವಾತ್ಸ್ಯಾಯನ ಬೇರೆ) ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತಾನೆ. ಏನೇನೂ ಗೊತ್ತಿಲ್ಲದ ವಿಷಯದಲ್ಲಿ ತರ್ಕಕ್ಕೆ ಕೆಲಸವಿಲ್ಲ, ಆಗಲೇ ನಿರ್ಣಯವಾದ ವಿಷಯದಲ್ಲೂ ಇಲ್ಲ. ಸಂಶಯ ಇರುವಲ್ಲಿ ಮಾತ್ರ ಅದು ಹೊರಡುತ್ತದೆ. ಅನುಮಾನ ಇರುವ ಕಡೆಯೆಲ್ಲ ಸಂಶಯ ಮೊದಲೇ ಬಂದು ಕೂತಿರಬೇಕು ಎಂದಾಯಿತು. ಜೊತೆಯಲ್ಲೇ ಇದ್ದ ಅನುಮಾನದ ಹೆಸರು ಕನ್ನಡದಲ್ಲಿ ಸಂಶಯಕ್ಕೆ ಅಂಟಿಕೊಂಡಿತು ಎಂಬುದು ನನ್ನ ಊಹೆ.

ಆ ಭಾಷ್ಯದಲ್ಲೊಂದು ಹೊಳೆಯ ಪ್ರಸಂಗವಿದೆ. ಹೊಳೆ ತುಂಬಿ ಬಂದರೆ ಮೇಲೆ ಮಳೆಯಾಗಿದೆ ಎಂದು ಅನುಮಾನಿಸುತ್ತೇವೆ. ಎದುರಾಳಿ ಬಿಡುವುದಿಲ್ಲ: ಎಲ್ಲೋ ನೀರಿಗೆ ತಡೆ ಬಿದ್ದರೂ ಹೊಳೆ ಉಕ್ಕಬಹುದಲ್ಲ? ಆಗ ನಿಮ್ಮ ಅನುಮಾನ ಎಂಥ ಪ್ರಮಾಣ? ಭಾಷ್ಯಕಾರನ ಉತ್ತರ ಇಂದಿಗೂ ಓದುವಂತಿದೆ. ನೀರು ಏರಿದ್ದಷ್ಟನ್ನೇ ನೋಡಿ ಮಳೆ ಎನ್ನುವುದಲ್ಲ. ಸೆಳವು ಜೋರಾಗಿರಬೇಕು, ನೀರು ನಿನ್ನೆಯ ನೀರಿನಂತೆ ಇರಬಾರದು, ನೊರೆ, ಹಣ್ಣು, ಎಲೆ, ಕಟ್ಟಿಗೆ ತೇಲಿ ಬರುತ್ತಿರಬೇಕು. ಇವೆಲ್ಲ ಕೂಡಿದಾಗ ಮಳೆ. ತುಂಗೆಯ ದಂಡೆಯಲ್ಲಿ ಕೆಂಪು ನೀರು ಕಂಡು ‘ಮೇಲೆ ಮಳೆ ಹೊಡೆದಿದೆ’ ಎನ್ನುವವರು ಮಾಡುವುದೂ ಇದನ್ನೇ.

ಅದೇ ಗ್ರಂಥದಲ್ಲಿ ಆಕಾಶದ ಉದಾಹರಣೆಯೂ ಇದೆ. ಒಂದು ಕಡೆ ಕಂಡವನು ಇನ್ನೊಂದು ಕಡೆ ಕಂಡರೆ ನಡುವೆ ನಡೆದಿರಲೇಬೇಕು. ಸೂರ್ಯ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ಆದ್ದರಿಂದ ಕಣ್ಣಿಗೆ ಕಾಣದಿದ್ದರೂ ಸೂರ್ಯ ನಡೆಯುತ್ತಾನೆ. ಹೆಜ್ಜೆ ಹೆಜ್ಜೆಯೂ ಸರಿ, ತೀರ್ಮಾನ ತಪ್ಪು. ಕ್ರಿ.ಶ. 499ರಲ್ಲಿ ಆರ್ಯಭಟ ದೋಣಿಯ ದೃಷ್ಟಾಂತ ಕೊಟ್ಟ: ದೋಣಿಯಲ್ಲಿ ಕೂತವನಿಗೆ ದಡವೇ ಹಿಂದಕ್ಕೆ ಸರಿದಂತೆ ಕಾಣುತ್ತದೆ, ಹಾಗೆಯೇ ತಿರುಗುವ ಭೂಮಿಯ ಮೇಲಿರುವ ನಮಗೆ ನಕ್ಷತ್ರಗಳು ಸರಿದಂತೆ ಕಾಣುತ್ತವೆ. ಬ್ರಹ್ಮಗುಪ್ತ ಅದನ್ನು ಒಪ್ಪಲಿಲ್ಲ. ಪಂಡಿತರನ್ನೂ ನಂಬಿಕೆ ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ!

ಪದದ ಎರಡೂ ಅರ್ಥಗಳನ್ನು ಒಬ್ಬನೇ ಬದುಕಿ ತೋರಿಸಿದ ಉದಾಹರಣೆ ಬೇಕಿದ್ದರೆ ಫ್ರಾನ್ಸಿನ ಗಣಿತಜ್ಞ ಅರ್ಬೇನ್ ಲೆವೆರಿಯೆಯನ್ನು ನೋಡಬೇಕು. ಯುರೇನಸ್ ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ಆಚೆ ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿದೆ ಎಂದು ಅನುಮಾನಿಸಿ, ಅದು ಎಲ್ಲಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿ ಬರ್ಲಿನ್ನಿಗೆ ಬರೆದ. 1846ರ ಸೆಪ್ಟೆಂಬರ್ 23ರಂದು ಕಾಗದ ಮುಟ್ಟಿತು. ಅದೇ ರಾತ್ರಿ ಅಲ್ಲಿನ ಖಗೋಳಜ್ಞ ಯೋಹಾನ್ ಗಾಲೆ ದೂರದರ್ಶಕ ತಿರುಗಿಸಿದರೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಇತ್ತು. ಅನುಮಾನಕ್ಕೆ ಅಷ್ಟು ದೊಡ್ಡ ಜಯ ಅದಕ್ಕೂ ಮುಂಚೆ ಸಿಕ್ಕಿರಲಿಲ್ಲ.

ಮುಂದೆ ಬುಧ ಗ್ರಹದಲ್ಲೂ ಸಣ್ಣ ಎಡವಟ್ಟು ಕಂಡಿತು. ಸೂರ್ಯನಿಗೆ ಅದು ಅತಿ ಹತ್ತಿರ ಬರುವ ಬಿಂದು, ಲೆಕ್ಕಕ್ಕಿಂತ ಶತಮಾನಕ್ಕೆ ಸುಮಾರು 43 ಆರ್ಕ್‌ಸೆಕೆಂಡು ಹೆಚ್ಚು ಸರಿಯುತ್ತದೆ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಅದರಲ್ಲಿ 43. ಲೆವೆರಿಯೆ 1859ರಲ್ಲಿ ಕೊಟ್ಟ ಲೆಕ್ಕ 38. ಹಿಂದೆ ಗೆದ್ದ ದಾರಿಯನ್ನೇ ಮತ್ತೆ ಹಿಡಿದ: ಸೂರ್ಯನ ಸಮೀಪ ಇನ್ನೊಂದು ಗ್ರಹವಿದೆ. ‘ವಲ್ಕನ್’ ಎಂಬ ಹೆಸರೂ ಬಂತು, ಕಂಡೆವು ಎನ್ನುವವರೂ ಬಂದರು, ಗ್ರಹಣದ ಕತ್ತಲೆಯಲ್ಲಿ ಹುಡುಕಾಟವೂ ನಡೆಯಿತು. ಗ್ರಹ ಇರಲಿಲ್ಲ. ಲೆವೆರಿಯೆ ವಲ್ಕನ್ ಇದೆ ಎಂದು ನಂಬಿಕೊಂಡೇ 1877ರಲ್ಲಿ ತೀರಿಕೊಂಡ. ಆ ದಿನವೂ ಸೆಪ್ಟೆಂಬರ್ 23. ಕೊರತೆ ಇದ್ದದ್ದು ಗುರುತ್ವದ ನಿಯಮದಲ್ಲೇ ಎಂದು 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ತೋರಿಸಿದರು. ಅವರ ಹೊಸ ಸಿದ್ಧಾಂತದಿಂದ ಆ 43 ತಾನಾಗಿ ಬಂತು.

ಒಬ್ಬನೇ ಮನುಷ್ಯ, ಒಂದೇ ತರ್ಕ. ಒಮ್ಮೆ ಗ್ರಹ ಸಿಕ್ಕಿತು, ಇನ್ನೊಮ್ಮೆ ನಿಯಮವೇ ಬದಲಾಯಿತು. ಯಾವುದು ಯಾವುದಾಗುತ್ತದೆಂದು ಮೊದಲೇ ಹೇಳುವ ಉಪಾಯ ತರ್ಕದೊಳಗೆ ಇಲ್ಲ. ಹೊರಗೆ ಹೋಗಿ ನೋಡಬೇಕು.

ಕೋಲಾರದ ಚಿನ್ನದ ಗಣಿಗೂ ಈ ಕಥೆಯಲ್ಲಿ ಪಾಲಿದೆ. ಪರಮಾಣುವಿನ ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ಕೂಡುತ್ತಿರಲಿಲ್ಲ. ಶಕ್ತಿಯ ನಿತ್ಯತೆಯ ನಿಯಮವನ್ನೇ ಬಿಟ್ಟುಕೊಡಲು ನೀಲ್ಸ್ ಬೋರ್ ತಯಾರಿದ್ದರು. ವೊಲ್ಫ್‌ಗಾಂಗ್ ಪೌಲಿ 1930ರಲ್ಲಿ ಆ ಕೊರತೆಯ ಶಕ್ತಿಯನ್ನು ಹೊತ್ತೊಯ್ಯುವ ಕಾಣದ ಕಣವೊಂದನ್ನು ಅನುಮಾನಿಸಿದರು. ಆ ನ್ಯೂಟ್ರಿನೊ 1956ರಲ್ಲಿ ಅಣು ರಿಯಾಕ್ಟರಿನ ಬಳಿ ಸಿಕ್ಕಿತು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಹೆಚ್ಚು ಆಳದಲ್ಲಿ ದೊರೆಯಿತು.

ಈಗ ನಮ್ಮ ಮುಂದಿರುವುದು ಡಾರ್ಕ್ ಮ್ಯಾಟರ್, ಕನ್ನಡದಲ್ಲಿ ಕಪ್ಪುದ್ರವ್ಯ: ಕಣ್ಣಿಗೆ ಕಾಣದೆ, ಗುರುತ್ವದ ಎಳೆತದಿಂದ ಮಾತ್ರ ಅನುಮಾನಿಸುವ ದ್ರವ್ಯ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಸಮೂಹದ ಗೆಲಾಕ್ಸಿಗಳ ವೇಗ ಲೆಕ್ಕಕ್ಕಿಂತ ಬಹಳ ಹೆಚ್ಚೆಂದು ಕಂಡರು. 1970ರಲ್ಲಿ ವೀರಾ ರೂಬಿನ್, ಕೆಂಟ್ ಫೋರ್ಡ್ ಆಂಡ್ರೊಮೀಡಾದ ಹೊರ ಅಂಚಿನಲ್ಲೂ ವೇಗ ಇಳಿಯದೇ ಇರುವುದನ್ನು ಅಳೆದರು. ಇದು ಬರೀ ನೀರು ಏರಿದ ಲಕ್ಷಣ. ತಡೆ ಬಿದ್ದೂ ಏರಿರಬಹುದು. ನಿಯಮವನ್ನೇ ತಿದ್ದಿ ನೋಡೋಣ ಎಂದು 1983ರಲ್ಲಿ ಮೊರ್ಡೆಹಾಯ್ ಮಿಲ್‌ಗ್ರೋಮ್ ಹೇಳಿದ್ದು ಗೌರವಿಸಬೇಕಾದ ಪ್ರಶ್ನೆಯೇ. ಆದರೆ ನೊರೆ, ಎಲೆ, ಕಟ್ಟಿಗೆಯೂ ಈಗ ತೇಲಿ ಬಂದಿವೆ: ಗೆಲಾಕ್ಸಿ ಸಮೂಹಗಳ ಹಿಂದಿನ ಬೆಳಕು ಬಾಗುವ ರೀತಿ, ವಿಶ್ವದ ಬಾಲ್ಯದಿಂದ ಬಂದ ಮೈಕ್ರೋವೇವ್ ವಿಕಿರಣದ ಏರಿಳಿತ, ಎರಡು ಸಮೂಹಗಳು ಡಿಕ್ಕಿ ಹೊಡೆದ ಬುಲೆಟ್ ಕ್ಲಸ್ಟರ್‌ನಲ್ಲಿ ಅನಿಲ ಒಂದು ಕಡೆ, ಗುರುತ್ವದ ಭಾರ ಇನ್ನೊಂದು ಕಡೆ ಉಳಿದದ್ದು. ಇವೆಲ್ಲ ಕೂಡಿದ್ದರಿಂದಲೇ ವಿಶ್ವದ ಸುಮಾರು ಶೇಕಡಾ 27 ಕಪ್ಪುದ್ರವ್ಯ, ನಾವು ಕಂಡದ್ದು ಶೇಕಡಾ 5 ಮಾತ್ರ ಎಂಬ ಲೆಕ್ಕಕ್ಕೆ ತೂಕ ಬಂದಿದೆ. ನಾನು ಇದನ್ನು ನೆಪ್ಚೂನ್‌ನ ಸಾಲಿಗೆ ಹಾಕುತ್ತೇನೆ. ಹಾಗಿದ್ದರೂ ಅಮೆರಿಕದ ಸೌತ್ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಟನ್ನುಗಟ್ಟಲೆ ದ್ರವ ಕ್ಸೆನಾನ್ ತುಂಬಿ ಕಾಯುತ್ತಿರುವವರ ಕೈಗೆ ಅದರ ಒಂದು ಕಣವೂ ಖಚಿತವಾಗಿ ಸಿಕ್ಕಿಲ್ಲ.

ಕನ್ನಡದಲ್ಲಿ ವಿಜ್ಞಾನ ಬರೆಯುವವರಲ್ಲಿ ಒಂದು ಕೋರಿಕೆ. ಇಂಥ ಕಡೆ ‘ಪತ್ತೆಯಾಗಿದೆ’, ‘ಸಾಬೀತಾಗಿದೆ’ ಎಂದು ಬರೆಯಬೇಡಿ. ‘ಬರೀ ಊಹೆ’ ಎಂದೂ ತಳ್ಳಬೇಡಿ. ‘ಕಪ್ಪುದ್ರವ್ಯ ಇದೆಯೆಂಬುದು ಅನುಮಾನ’ ಎಂದು ಬರೆಯಿರಿ. ಅಳೆದು ಹೇಳಿದ್ದು ಎಂಬುದೂ, ಸಂಶಯ ಇನ್ನೂ ಮುಗಿದಿಲ್ಲ ಎಂಬುದೂ ಕನ್ನಡದ ಆ ಒಂದು ಪದದಲ್ಲಿ ಅಡಗಿದೆ.