ಷಡ್ರಸವೂ ಗಣಕಯಂತ್ರವೂ

ಹೈದರಾಬಾದಿನ ಕನ್ನಡಿಗರಾದ ನಮಗೆ ಕಾಚಿಗುಡದ ನೃಪತುಂಗ ಶಾಲೆಯ ಹೆಸರು ಚಿರಪರಿಚಿತ. ಆದರೆ ನೃಪತುಂಗನೆಂದರೆ ನಮಗೆ ನೆನಪಾಗುವುದು ಕವಿರಾಜಮಾರ್ಗವೊಂದೇ. ಅವನ ಕಾಲದಲ್ಲಿಯೇ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿ, ಆರಂಭದಲ್ಲಿ ಆ ದೊರೆಯನ್ನು ಕೊಂಡಾಡಿದನು. ಅಂದಿನ ರಾಜಧಾನಿ ಮಾನ್ಯಖೇಟವು ಇಂದಿನ ಮಳಖೇಡ. 1956ರ ನವೆಂಬರ್ 1ರವರೆಗೆ ಅದು ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು.

ಮಹಾವೀರನ ಲೆಕ್ಕಗಳು ಬಾಳಿನಿಂದ ಹುಟ್ಟಿದವು: ಬಡ್ಡಿ, ಚಿನ್ನದ ಬೆರಕೆ, ಹೊಂಡದ ಅಳತೆ, ನೆರಳಿನ ಉದ್ದ. ಒಂದೆಡೆ ಅವನು ಕೇಳುತ್ತಾನೆ: ಆರು ರಸಗಳನ್ನು ಎಷ್ಟು ಬಗೆಯಾಗಿ ಬೆರೆಸಬಹುದು? ಒಂದೊಂದೇ ಆದರೆ 6, ಎರಡೆರಡು 15, ಮೂರು ಮೂರು 20, ನಾಲ್ಕು ನಾಲ್ಕು 15, ಐದೈದು 6, ಆರೂ ಕೂಡಿದರೆ 1. ಒಟ್ಟು 63.

ಇದೇ ಲೆಕ್ಕವನ್ನು ಗಣಕಯಂತ್ರದ ರೀತಿಯಲ್ಲಿ ನೋಡೋಣ. ರಸ ಇದ್ದರೆ 1, ಇಲ್ಲದಿದ್ದರೆ 0. ಆರು ಸ್ಥಾನಗಳಿಗೆ 64 ಬಗೆಗಳಾಗುತ್ತವೆ. ಯಾವ ರಸವೂ ಇಲ್ಲದ ಒಂದನ್ನು ಕಳೆದರೆ ಅದೇ 63! ಯುಗಾದಿಯಂದು ಬೇವುಬೆಲ್ಲ ಸವಿದು, ನೆರೆಮನೆಯ ತೆಲುಗರ ಷಡ್ರಸದ ಪಚ್ಚಡಿಯನ್ನೂ ತಿನ್ನುವ ನಮ್ಮ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಮೊದಲ ಪಾಠ ಬೇಕೇ?

ಶಾಸ್ತ್ರವನ್ನು ಜನರ ನುಡಿಗೆ ತರುವುದೂ ನಮ್ಮಲ್ಲಿ ಹೊಸದಲ್ಲ. ಮಹಾವೀರನ ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು; 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ನಮ್ಮ ಕಾಲಕ್ಕೆ ಬಂದರೆ, 1974ರಲ್ಲಿ ಮದರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು ಮನೆಯಂಗಳದ ರಂಗೋಲಿಯ ಕಟ್ಟನ್ನೇ ಗಣಕಶಾಸ್ತ್ರದ ವ್ಯಾಕರಣದಿಂದ ವಿವರಿಸಿದರು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೂ ಸ್ಥಾನ ಕೊಟ್ಟಿತು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಿತು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಕನ್ನಡದ ಬೆರಳಚ್ಚು ಸುಲಭವಾಯಿತು.

ಹೀಗೆ ಸಾಧನವೂ ಇದೆ, ಪರಂಪರೆಯೂ ಇದೆ. ಇಲ್ಲದಿರುವುದು ನಮ್ಮ ಉತ್ಸಾಹ. ಪ್ರೌಢಶಾಲೆಯ ನಮ್ಮ ಮಕ್ಕಳು ಗಣಕಯಂತ್ರವನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕಲಿಯಲಿ, ಅನ್ನದ ಮಾತು ಅದು. ಆದರೆ ಬುದ್ಧಿಗೆಲ್ಲ ಇಂಗ್ಲಿಷು, ಅಡಿಗೆಮನೆಗೆ ಮಾತ್ರ ಕನ್ನಡ ಎಂದು ಅವರು ತಿಳಿದರೆ, ಮುಂದಿನ ತಲೆಮಾರಿಗೆ ಅಡಿಗೆಮನೆಯಲ್ಲಿಯೂ ಕನ್ನಡ ಉಳಿಯದು. ಆದುದರಿಂದ ಈ ರಾಜ್ಯೋತ್ಸವದಂದು ಪ್ರತಿಯೊಬ್ಬರೂ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಮಹಾವೀರನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳೋಣ. ಉತ್ತರವನ್ನು ಯಂತ್ರದಿಂದ ಹೇಳಿಸುವ ಕೆಲಸ ಮಗುವಿನದಾಗಲಿ.