ಕ್ಯಾಮೆರಾದ ಬೆಲೆ, ಚಿತ್ರದ ಬಾಳು

ಎತ್ತು ಕೊಳ್ಳುವವರು ಬೆಲೆಯೊಂದನ್ನೇ ಕೇಳುವುದಿಲ್ಲ, ಹಲ್ಲನ್ನೂ ನೋಡುತ್ತಾರೆ. ಸಂತೆಮರಹಳ್ಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮನೆಯ ಮದುವೆ, ನಾಮಕರಣಗಳನ್ನು ಹಿಡಿಯುವ ವಿಡಿಯೋ ಕ್ಯಾಮೆರಾಕ್ಕೂ ಇದೇ ನ್ಯಾಯ.

1965ರಲ್ಲಿ ಕೊಡಾಕ್ ಸಂಸ್ಥೆ ತಂದ ಸೂಪರ್ 8 ಫಿಲ್ಮಿನ ಸುರುಳಿ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು. 1976ರಲ್ಲಿ ಜಪಾನಿನ ಜೆ.ವಿ.ಸಿ. ತಂದ ವಿ.ಎಚ್.ಎಸ್. ಕ್ಯಾಸೆಟ್ಟು ಎರಡು ಗಂಟೆ ಓಡಿತು. 1995ರಲ್ಲಿ ಡಿಜಿಟಲ್ ಟೇಪು ಬಂದಿತು. ಪ್ರತಿಯೊಂದೂ ತನ್ನ ಕಾಲಕ್ಕೆ ಕಡೆಯ ಮಾತೆಂದೇ ತೋರಿತು. 2016ರಲ್ಲಿ ಫುನಾಯ್ ಸಂಸ್ಥೆ ವಿ.ಎಚ್.ಎಸ್. ಯಂತ್ರದ ತಯಾರಿಕೆಯನ್ನೂ ನಿಲ್ಲಿಸಿತು. ಕ್ಯಾಸೆಟ್ಟು ಬೀರುವಿನಲ್ಲಿದೆ, ತೋರಿಸುವ ಯಂತ್ರವಿಲ್ಲ!

ಓದುಗರೇ, ಅಗ್ಗದ ಕ್ಯಾಮೆರಾ ಕೊಳ್ಳುವುದು ತಪ್ಪಲ್ಲ. ಅದರ ಚಿತ್ರ ಬೇರೆ ಯಂತ್ರಗಳಲ್ಲೂ ತೆರೆದೀತೇ ಎಂದು ಮೊದಲು ವಿಚಾರಿಸಿ. ಹಳೆಯ ಕ್ಯಾಸೆಟ್ಟನ್ನು ಈಗಲೇ ನಕಲು ಮಾಡಿಸಿ, ಎರಡು ಕಡೆ ಇಡಿ. ಅಜ್ಜಿಯ ನಡಿಗೆ, ನಗು ಅದೊಂದರಲ್ಲೇ ಉಳಿದಿದ್ದೀತು.